ಸಜ್ಜದಡಿಯ ಕಣಜದ ಗೂಡು

ಪ್ರಶ್ನೆ: ಕಿಟಕಿಯ ಸಜ್ಜದಡಿ ಕಣಜಗಳು ಅಂಗೈಯಗಲದ ಗೂಡು ಕಟ್ಟಿವೆ. ಚಳಿಗಾಲ ಬಂದರೆ ತಾವಾಗಿಯೇ ಹೋಗುತ್ತವೆ ಎಂದು ಇಂಟರ್‌ನೆಟ್‌ನಲ್ಲಿ ಓದಿದೆ. ಕಾಯಬಹುದೇ? — ಓದುಗರು, ಶಿರಸಿ

ಉತ್ತರ: ಅದು ಹಿಮ ಬೀಳುವ ದೇಶಗಳ ಯೆಲ್ಲೋಜಾಕೆಟ್ ಎಂಬ ಕಣಜಗಳ ಮಾತು. ನಮ್ಮ ಕಾಗದದ ಕಣಜ ರೋಪಾಲಿಡಿಯಾ ಮಾರ್ಜಿನೇಟಾ ವರ್ಷವಿಡೀ ಗೂಡು ನಡೆಸುತ್ತದೆ. ರಾಣಿ ಸತ್ತರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ಇದನ್ನೇ.

ಗೂಡು ಕೈಗೆಟುಕದಷ್ಟು ಮೇಲಿದ್ದರೆ ಬಿಟ್ಟುಬಿಡಿ. ತೋಟದ ಕಂಬಳಿಹುಳು ಹಿಡಿಯುವ ಕೆಲಸಗಾರರು ಅವು. ತೆಗೆಯಲೇಬೇಕೆಂದರೆ, ಕತ್ತಲಾದ ಮೇಲೆ ಎಲ್ಲವೂ ಗೂಡು ಸೇರಿದಾಗ ತೆಗೆಯಿರಿ. ತುಂಬುತೋಳಿನ ದಪ್ಪ ಬಟ್ಟೆ, ಕೈಗವಸು, ಮುಖಕ್ಕೆ ಬಲೆ ಇರಲಿ. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿ, ಕೆಂಪು ಬೆಳಕು ಅವುಗಳ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ, ದೂರಕ್ಕೆ ಚಿಮ್ಮುವ ಪಂಪಿನಿಂದ ಗೂಡು ತೊಪ್ಪೆಯಾಗುವಂತೆ ಹೊಡೆಯಿರಿ. ಸೋಪುನೀರು ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಬರೀ ನೀರು ಅವನ್ನು ಕೆರಳಿಸುತ್ತದೆ, ಅಷ್ಟೆ. ಏಣಿ ಹತ್ತಬೇಡಿ, ಕಚ್ಚಿದಾಗ ಬೀಳುವುದೇ ದೊಡ್ಡ ಪೆಟ್ಟು. ಬೆಂಕಿಯಂತೂ ಬೇಡವೇ ಬೇಡ. ಬೆಳಿಗ್ಗೆ ಗೂಡಿನ ತೊಟ್ಟನ್ನು ಬುಡಸಮೇತ ಕೆರೆದು, ಜಾಗ ತೊಳೆಯಿರಿ.

ಪ್ರಶ್ನೆ: ಮರದಲ್ಲಿ ಫುಟ್‌ಬಾಲ್ ಗಾತ್ರದ ಬೂದುಬಣ್ಣದ ಗೂಡಿದೆ. ಇದೇ ಉಪಾಯ ಸಾಕೇ? — ಓದುಗರು, ಪುತ್ತೂರು

ಉತ್ತರ: ಸಾಲದು. ಅದು ಹೆಗ್ಗಣಜದ ಗೂಡು, ಅದಕ್ಕೆ ಹೊರಕವಚ ಇರುವುದರಿಂದ ಸೋಪುನೀರು ಒಳಗೆ ತಲುಪದು. ಪಳಗಿದವರನ್ನೇ ಕರೆಸಿ. ಕಚ್ಚಿದ ಮೇಲೆ ಉಸಿರು ಕಟ್ಟಿದರೆ, ತುಟಿ ಊದಿದರೆ ಸುಣ್ಣ ಹಚ್ಚುತ್ತ ಕೂರದೆ 108ಕ್ಕೆ ಕರೆ ಮಾಡಿ.