ಸಿಹಿನೀರಿನ ದೋಣಿಗೂ ಗುಳ್ಳೆ

ಪ್ರಶ್ನೆ: 16 ಅಡಿಯ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿ ಕೊಂಡಿದ್ದೇನೆ. ಸಮುದ್ರಕ್ಕೆ ಇಳಿದದ್ದೇ ಇಲ್ಲ, ವರ್ಷಗಟ್ಟಲೆ ಕೆ.ಆರ್.ಎಸ್. ಹಿನ್ನೀರಿನಲ್ಲೇ ಇತ್ತಂತೆ. ಮಗುಚಿ ನೋಡಿದರೆ ತಳದ ತುಂಬ ಗುಳ್ಳೆಗಳು. ಕೂವೆಯ (ಹಾಯಿ ಕಟ್ಟುವ ಕಂಬದ) ಬುಡದಲ್ಲಿ ಡೆಕ್ ಮೇಲೆ ಕಾಲಿಟ್ಟರೆ ಮೆತ್ತಗೆ ತಗ್ಗುತ್ತದೆ. ಉಪ್ಪುನೀರು ಸೋಕದೆ ಹೀಗೇಕಾಯಿತು? ಬಣ್ಣ ಹೊಡೆದರೆ ಸಾಕೆ?
– ಓದುಗರು, ಯಲಹಂಕ

ಉತ್ತರ: ಬಣ್ಣ ಬೇಡವೇ ಬೇಡ, ನೀರನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಜೆಲ್‌ಕೋಟ್, ಅಂದರೆ ದೋಣಿಯ ಹೊರಮೈಯ ನುಣುಪು ಪದರ, ಎಷ್ಟೇ ಹೊಳೆದರೂ ನೀರಿನ ಸೂಕ್ಷ್ಮ ಕಣಗಳನ್ನು ಪೂರ್ತಿ ತಡೆಯದು. ಒಳಹೊಕ್ಕ ನೀರು ಗಾಜಿನ ಎಳೆಗಳನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್‌ನ ಕೆಲವು ಅಂಶಗಳನ್ನು ಕರಗಿಸಿಕೊಂಡು ಮಂದವಾಗುತ್ತದೆ. ಆಗ ಹೊರಗಿನ ತಿಳಿನೀರು ಅದರತ್ತ ಇನ್ನಷ್ಟು ನುಗ್ಗುತ್ತದೆ. ನೆನೆಹಾಕಿದ ಒಣದ್ರಾಕ್ಷಿ ಉಬ್ಬುವುದೂ ಹೀಗೆಯೇ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಈ ಸೆಳೆತ ಹೆಚ್ಚು. ನೀರು ಬೆಚ್ಚಗಿದ್ದರೆ ಇನ್ನೂ ಬೇಗ.

ಕನ್ನಡಕ ಹಾಕಿಕೊಂಡೇ ಗುಳ್ಳೆ ಚುಚ್ಚಿ, ದ್ರವ ಚಿಮ್ಮುತ್ತದೆ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ರೋಗ ಇದೇ. ಗಟ್ಟಿ ಪದರ ಸಿಗುವವರೆಗೆ ಉಜ್ಜಿ ತೆರೆದು, ಸಿಹಿನೀರಿನಲ್ಲಿ ಹಲವು ಸಲ ತೊಳೆದು, ನೆರಳಿನಲ್ಲಿ ಒಣಗಲು ಬಿಡಿ. ಇದಕ್ಕೆ ವಾರಗಳೇ ಬೇಕು, ಕೆಲವೊಮ್ಮೆ ತಿಂಗಳುಗಳು. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಒಣಗಿತೇ ಎಂದು ತಿಳಿಯಲು, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ತಳದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ಇನ್ನೂ ಒಣಗಿಲ್ಲ. ಒಣಗಿದ ಮೇಲೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಲಪ್ಪ ತುಂಬಿ, 80ರ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ತಳಕ್ಕೆಲ್ಲ ಎಪಾಕ್ಸಿಯ ನಾಲ್ಕೈದು ಕೋಟ್ ಕೊಡಿ. ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪದರ ಕಂಡರೆ ಮೊದಲು ನೀರಿನಲ್ಲಿ ತೊಳೆಯಿರಿ, ಆಮೇಲೆ ಉಜ್ಜಿ. ತೊಳೆಯದಿದ್ದರೆ ಮುಂದಿನ ಕೋಟ್ ಹಿಡಿಯುವುದಿಲ್ಲ.

ನಿಜವಾಗಿ ಚಿಂತಿಸಬೇಕಾದದ್ದು ಡೆಕ್ ಬಗ್ಗೆ. ಸಣ್ಣ ಗುಳ್ಳೆಗಳಿಂದ ದೋಣಿ ಮುಳುಗುವುದಿಲ್ಲ, ಆದರೆ ಕೂವೆಯ ಭಾರವೆಲ್ಲ ಕೂರುವುದು ಆ ಮೆತ್ತಗಿನ ಜಾಗದಲ್ಲೇ. ಇಂಥ ಡೆಕ್‌ಗಳಲ್ಲಿ ಎರಡು ಫೈಬರ್ ಪದರಗಳ ನಡುವೆ ಸಾಮಾನ್ಯವಾಗಿ ಹಗುರವಾದ ಬಾಲ್ಸಾ ಮರವಿರುತ್ತದೆ. ಬೋಲ್ಟ್ ಸುತ್ತ ನೀರು ತಡೆಯುವ ಸೀಲೆಂಟ್ ಸತ್ತರೆ ನೀರಿಳಿದು ಅದು ಕೊಳೆಯುತ್ತದೆ. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ನಾಣ್ಯದಿಂದ ತಟ್ಟುತ್ತ ಬನ್ನಿ: ಗಟ್ಟಿ ಜಾಗ ಟಕ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ದಪ್ ಎಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ತೂತು ಕೊರೆದು ಎಪಾಕ್ಸಿ ಸುರಿಯಲು ಹಲವರು ಹೇಳುತ್ತಾರೆ. ಒದ್ದೆ ಮರಕ್ಕೆ ಅದು ಹಿಡಿಯದು. ಮೇಲಿನ ಪದರವನ್ನಷ್ಟೇ ಕತ್ತರಿಸಿ ಎತ್ತಿಡಿ, ಕೊಳೆತದ್ದನ್ನೆಲ್ಲ ಕೆರೆದು ತೆಗೆಯಿರಿ. ಕೂವೆಯ ಕೆಳಗೆ ಮತ್ತೆ ಬಾಲ್ಸಾ ಬೇಡ, ಮರೈನ್ ಪ್ಲೈವುಡ್ ಕೂರಿಸಿ. ಪದರ ಅಂಟಿಸಿದ ಮೇಲೆ ಸಂದಿನ ಎರಡೂ ಬದಿಯನ್ನು ಪದರದ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಗ್ಲಾಸ್ ಬಟ್ಟೆಯಿಂದ ಬೆಸೆಯಿರಿ. ಬೋಲ್ಟ್ ತೂತುಗಳನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸರಿಯಳತೆಗೆ ಕೊರೆಯಿರಿ. ಮುಂದೆ ಸೀಲೆಂಟ್ ಕೈಕೊಟ್ಟರೂ ನೀರು ಮರವನ್ನು ಮುಟ್ಟುವುದಿಲ್ಲ.

ಪ್ರಶ್ನೆ: ಕೆರೆಯಲ್ಲಿ ಕಲಿಯಲು ದೋಣಿಯ ತಳದಲ್ಲಿ ಸ್ಥಿರ ಕೀಲ್ (ನೀರಿಗಿಳಿದ ಭಾರದ ರೆಕ್ಕೆ) ಒಳ್ಳೆಯದೋ, ಮೇಲಕ್ಕೆ ಎತ್ತಿಕೊಳ್ಳುವ ಹಲಗೆಯಾದ ಸೆಂಟರ್‌ಬೋರ್ಡೋ?
– ಓದುಗರು, ಹಲಸೂರು

ಉತ್ತರ: ಸೆಂಟರ್‌ಬೋರ್ಡ್. ಬೇಸಿಗೆಯಲ್ಲಿ ನೀರು ತಗ್ಗಿದಾಗ ಎತ್ತಿಕೊಂಡು ದಡಕ್ಕೆ ಬರಬಹುದು, ಟ್ರೇಲರ್ ಏರಿಸುವುದೂ ಸುಲಭ. ಆದರೆ ಭಾರದ ಕೀಲ್ ಇಲ್ಲದ್ದರಿಂದ ಮಗುಚಿದರೆ ತಾನಾಗಿ ಏಳದು. ಹಾಯಿಯ ಹಗ್ಗ ಸಡಿಲಿಸಿ, ಬೋರ್ಡ್ ಮೇಲೆ ನಿಂತು ಹಿಂದಕ್ಕೆ ವಾಲಿ ಎಬ್ಬಿಸುವುದನ್ನು ಮೊದಲ ದಿನವೇ ಕಲಿಯಿರಿ, ಲೈಫ್ ಜಾಕೆಟ್ ತೊಟ್ಟು.