ಸಂಜಿ ಬಾಯಲ್ಲಿದ್ದ ಸಿಗರೇಟು ಲಾಲಿಪಾಪ್ ಆಗಿದ್ದು ಹೇಗೆ?

ಪ್ರಶ್ನೆ: ಒನ್ ಪೀಸ್ ಅನ್ನುವ ಅನಿಮೆಯ (ಜಪಾನಿ ಕಾರ್ಟೂನ್ ಸರಣಿಯ) ಒಂದು ಹಳೇ ಇಂಗ್ಲಿಷ್ ಕ್ಲಿಪ್ ನೋಡಿದೆ. ಅದರಲ್ಲಿ ಅಡುಗೆಯವನಾದ ಸಂಜಿ ಸಿಗರೇಟಿನ ಬದಲು ಲಾಲಿಪಾಪ್ ಚೀಪುತ್ತಿದ್ದಾನೆ. ಯಾರೋ ತಮಾಷೆಗೆ ಮಾಡಿದ್ದಾ? ಅನಿಮೆಗಳನ್ನು ಟಿವಿಗೆ ಹಾಕುವಾಗ ಹೀಗೆಲ್ಲ ಕತ್ತರಿ ಹಾಕಿ ಅಂತ ಸರ್ಕಾರ ಹೇಳುತ್ತದಾ?

ತಮಾಷೆ ಅಲ್ಲ, ಅದು ನಿಜವಾಗಿಯೂ ಟಿವಿಯಲ್ಲಿ ಬಂದದ್ದೇ. 2004ರಲ್ಲಿ ಫೋರ್‌ಕಿಡ್ಸ್ ಅನ್ನುವ ಕಂಪನಿ ಒನ್ ಪೀಸ್ ಅನ್ನು ಅಮೆರಿಕಕ್ಕೆ ತಂದು ಶನಿವಾರ ಬೆಳಗ್ಗೆ ಹಾಕಿತು. ಶನಿವಾರ ಬೆಳಗ್ಗೆ ಅಂದರೆ ಅಲ್ಲಿ ಚಿಕ್ಕ ಮಕ್ಕಳು ಕಾರ್ಟೂನ್ ನೋಡುವ ಹೊತ್ತು. ಆ ಹೊತ್ತಿಗೆ ಬಾಯಲ್ಲಿ ಸಿಗರೇಟು ಇಟ್ಟುಕೊಂಡ ಅಡುಗೆಯವನು ಹೊಂದುತ್ತಾನಾ? ಹಾಗಾಗಿ ಹೊಗೆ ಅಳಿಸಿ ಲಾಲಿಪಾಪ್ ಕೊಟ್ಟರು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸ್ಮೋಕರ್ ಅನ್ನುವ ನೌಕಾಪಡೆಯ ಅಧಿಕಾರಿ ಇದ್ದಾನಲ್ಲ, ಸದಾ ಬಾಯಲ್ಲಿ ಎರಡು ಚುಟ್ಟಾ ಇರುವವನು, ಅವನ ಹೆಸರನ್ನೇ ಚೇಸರ್ ಅಂತ ಬದಲಾಯಿಸಿ ಚುಟ್ಟಾ ಮಾಯ ಮಾಡಿದರು. ಆದರೆ ಅವನ ಶಕ್ತಿಯೇ ಹೊಗೆ, ಅದನ್ನು ತೆಗೆಯುವ ಹಾಗಿಲ್ಲ. ನನಗೆ ಇದಕ್ಕಿಂತ ಇಷ್ಟವಾದದ್ದು ಹೆಲ್ಮೆಪ್ಪೋ ಅನ್ನುವವನು ಕೋಬಿ ಅನ್ನುವ ಹುಡುಗನ ತಲೆಗೆ ಪಿಸ್ತೂಲು ಹಿಡಿಯುವ ದೃಶ್ಯ. ಅಲ್ಲಿ ಪಿಸ್ತೂಲು ಅಳಿಸಿ, ಸ್ಪ್ರಿಂಗ್‌ಗೆ ಸಿಕ್ಕಿಸಿದ ಸುತ್ತಿಗೆ ಬಿಡಿಸಿದ್ದಾರೆ. ಕೋಬಿಯ ಮುಖದಲ್ಲಿ ಪ್ರಾಣಭಯ, ಪಕ್ಕದಲ್ಲಿ ಜಾತ್ರೆ ಆಟಿಕೆಯಂಥ ಸುತ್ತಿಗೆ! ಮುಖವನ್ನು ಬದಲಾಯಿಸಲಿಲ್ಲವಲ್ಲ, ಅದಕ್ಕೇ ನಗು ಬರುವುದು. 143 ಕಂತುಗಳನ್ನು ಕುಗ್ಗಿಸಿ 104 ಮಾಡಿದರು. ಮುಖ್ಯ ಪಾತ್ರಗಳಲ್ಲಿ ಒಬ್ಬಳಾದ ನಾಮಿಯ ಸಾಕುತಾಯಿ ಬೆಲ್‌ಮೇರ್ ಸಾಯುವುದೇ ಇಲ್ಲ, ಅವಳನ್ನು ಸೆರೆಮನೆಗೆ ಹಾಕುತ್ತಾರೆ. ಇಡೀ ನಾಮಿ ಕಥೆ ನಿಂತಿರುವುದೇ ಆ ಸಾವಿನ ಮೇಲೆ. ಇದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಈಗ ಸರ್ಕಾರದ ವಿಷಯ. ಇದ್ಯಾವುದನ್ನೂ ಅಮೆರಿಕ ಸರ್ಕಾರ ಕೂತು ಮಾಡಿಸಿದ್ದಲ್ಲ. ಅಲ್ಲಿ ಪ್ರತಿ ಚಾನೆಲ್‌ನಲ್ಲೂ ಯಾವ ಹೊತ್ತಿಗೆ ಏನು ತೋರಿಸಬಹುದು ಅಂತ ನೋಡುವುದಕ್ಕೇ ಒಂದು ವಿಭಾಗ ಇರುತ್ತದೆ. ಅವರಿಗೆ ಹೆದರಿಕೆ ಜಾಹೀರಾತು ಕೊಡುವವರದ್ದು ಮತ್ತು ದೂರು ಬರೆಯುವ ತಂದೆತಾಯಿಯರದ್ದು. ಜೊತೆಗೆ ಫೋರ್‌ಕಿಡ್ಸ್‌ನ ಮುಖ್ಯ ವ್ಯಾಪಾರ ಬ್ರ್ಯಾಂಡ್‌ಗಳ ಹಕ್ಕು ಕೊಡುವುದು. ಕಾರ್ಟೂನ್ ಓಡಿದರೆ ಆಟಿಕೆ ಓಡುತ್ತದೆ.

ನನ್ನ ಪ್ರಕಾರ ಕತ್ತರಿ ಇರುವುದು ಗಡಿಯಾರದ ಕೈಯಲ್ಲಿ. ಇದಕ್ಕೆ ಗುಂಡಮ್ ವಿಂಗ್ ಅನ್ನುವ ಅನಿಮೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2000ದಲ್ಲಿ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ಇದನ್ನು ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಒಂದು ಸಲ, ಮಧ್ಯರಾತ್ರಿ ಇನ್ನೊಂದು ಸಲ ಹಾಕುತ್ತಿತ್ತು. ಚಾನೆಲ್ ಒಂದೇ, ಸರಣಿ ಒಂದೇ. ಆದರೆ ಅದರಲ್ಲಿ ಡುವೋ ಅನ್ನುವ ಹುಡುಗನಿದ್ದಾನೆ, ಹಗಲು ಹೊತ್ತಿನ ಡುವೋ ತನ್ನನ್ನು 'ಮಹಾ ವಿನಾಶಕ' ಅಂತ ಕರೆದುಕೊಳ್ಳುತ್ತಾನೆ, ಮಧ್ಯರಾತ್ರಿಯ ಡುವೋ 'ಸಾವಿನ ದೇವರು' ಅನ್ನುತ್ತಾನೆ. ಹಗಲಲ್ಲಿ ಹೀರೋ ಯೂಯ್ ಅನ್ನುವ ಇನ್ನೊಬ್ಬ 'ನಿನ್ನನ್ನು ನಾಶ ಮಾಡುತ್ತೇನೆ' ಅಂದರೆ ರಾತ್ರಿ ನೇರವಾಗಿ 'ಕೊಲ್ಲುತ್ತೇನೆ'. ಕೆಲವೇ ಗಂಟೆಯಲ್ಲಿ ದೇಶದ ಕಾನೂನು ಬದಲಾಗುವುದಿಲ್ಲ ಅಲ್ವಾ?

ಕೆಲಸ ಮಾಡುವ ರೀತಿಯೂ ಮಜವಾಗಿದೆ. ನಾನು ದಾವಣಗೆರೆಯಲ್ಲಿ ಹಿಂದಿ ಸರಿಯಾಗಿ ಬರದ ಕಾಲದಲ್ಲೇ ಡ್ರ್ಯಾಗನ್ ಬಾಲ್ ಝೀ ಬಾಯಿ ಬಿಟ್ಟುಕೊಂಡು ನೋಡಿದವನು. ಆಮೇಲೆ ಹಾಸ್ಟೆಲ್‌ನಲ್ಲಿ ಗೆಳೆಯನ ಪೆನ್‌ಡ್ರೈವ್‌ನಲ್ಲಿ ಹಳೇ ಅಮೆರಿಕನ್ ಕಂತುಗಳು ಸಿಕ್ಕವು. ಕಥಾನಾಯಕ ಗೋಕು ನರಕಕ್ಕೆ ಬೀಳುವ ಕಂತು. ಅಲ್ಲಿನ ರಾಕ್ಷಸರ ಅಂಗಿಯ ಮೇಲೆ ಜಪಾನಿನ ಮೂಲದಲ್ಲೇ ಇಂಗ್ಲಿಷ್ ಅಕ್ಷರದಲ್ಲಿ 'ಹೆಲ್' ಅಂತ ಇದೆ. ಆ ಪದ ಮಕ್ಕಳಿಗೆ ಬೇಡ ಅಂತಾಯಿತು. ಏನು ಮಾಡಿದರು ಗೊತ್ತಾ? 'ಇ' ಅಕ್ಷರದ ಕೆಳಗಿನ ಗೆರೆ ಅಳಿಸಿದರು, ಅದು 'ಎಫ್' ಆಯಿತು. ಮೊದಲನೇ 'ಎಲ್'ನ ಕೆಳಗಿನ ಗೆರೆ ಅಳಿಸಿದರು, ಅದು 'ಐ' ಆಯಿತು. ಒಟ್ಟು 'ಎಚ್‌ಎಫ್‌ಐಎಲ್'. ಅದಕ್ಕೊಂದು ಅರ್ಥವನ್ನೂ ಹುಟ್ಟಿಸಿದರು: 'ಹೋಮ್ ಫಾರ್ ಇನ್ಫಿನಿಟ್ ಲೂಸರ್ಸ್'. ಎರಡೇ ಗೆರೆ ಅಳಿಸಿ ನರಕವನ್ನು ಸೋತವರ ಹಾಸ್ಟೆಲ್ ಮಾಡಿಬಿಟ್ಟರು! ಯೋಚನೆ ಮಾಡಿದವನ ತಲೆಗೆ ಒಂದು ಸಲಾಂ. ಯು-ಗಿ-ಓಹ್ ಅನ್ನುವ ಅನಿಮೆಯಲ್ಲಿ ಇಷ್ಟು ಶ್ರಮವೂ ಇಲ್ಲ. ಕರಿ ಸೂಟಿನವರ ಕೈಯಿಂದ ಪಿಸ್ತೂಲು ಅಳಿಸಿದರು ಅಷ್ಟೇ. ಅವರು ಸುಮ್ನೆ ಬೆರಳು ತೋರಿಸಿ ಹೆದರಿಸುತ್ತಾರೆ.

ಇಷ್ಟು ಓದಿದರೆ ಜಪಾನಿನಲ್ಲಿ ಎಲ್ಲ ಹಾಗೇ ಬರುತ್ತದೆ, ಅಮೆರಿಕದವರೇ ಕೆಡಿಸಿದರು ಅನ್ನಿಸಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು. ಒನ್ ಪೀಸ್‌ನಲ್ಲೇ ನೋಡಿ. ಮಾಂಗಾದಲ್ಲಿ, ಅಂದರೆ ಮೂಲ ಕಾಮಿಕ್ಸ್‌ನಲ್ಲಿ, ಸಂಜಿಯ ಗುರು ಝೆಫ್ ಬಂಡೆಯ ಮೇಲೆ ಅನ್ನವಿಲ್ಲದೆ ಸಿಕ್ಕಿಕೊಂಡಾಗ, ಇದ್ದ ಊಟವನ್ನೆಲ್ಲ ಹುಡುಗ ಸಂಜಿಗೆ ಕೊಟ್ಟು, ತನ್ನ ಕಾಲನ್ನೇ ಕತ್ತರಿಸಿ ತಿಂದು ಬದುಕುತ್ತಾನೆ. ಜಪಾನಿನ ಅನಿಮೆಯಲ್ಲಿ ಅವನ ಕಾಲು ಹೋಗುವುದು ಸಂಜಿಯನ್ನು ನೀರಿನಿಂದ ಕಾಪಾಡುವಾಗ. ಯಾಕೆ? 1999ರಲ್ಲಿ ಫ್ಯೂಜಿ ಟಿವಿ ಇದನ್ನು ಹಾಕಿದ್ದು ಸಂಜೆ ಏಳಕ್ಕೆ, ಮನೆಮಂದಿಯೆಲ್ಲ ಊಟಕ್ಕೆ ಕೂರುವ ಹೊತ್ತಿಗೆ. ಅಲ್ಲೂ ಗಡಿಯಾರವೇ.

ರಾತ್ರಿ ಹನ್ನೆರಡು ದಾಟಿದ ಮೇಲೆ ಬರುವ ಅನಿಮೆಗಳ ಕಥೆ ಬೇರೆ. ಅಲ್ಲಿ ಸ್ನಾನದ ಮನೆಯ ಹಬೆ ಬೇಕಾದ ಜಾಗಕ್ಕೇ ಬಂದು ನಿಲ್ಲುತ್ತದೆ, ಕಿಟಕಿಯೇ ಇಲ್ಲದ ಕಡೆ ಬಿಸಿಲಿನ ಕೋಲು ಬೀಳುತ್ತದೆ. 2014ರ ಟೆರ್ರಾ ಫಾರ್ಮರ್ಸ್‌ನಲ್ಲಂತೂ ತಲೆ ಕೈಕಾಲು ಹೋಗುವಾಗೆಲ್ಲ ದೊಡ್ಡ ಕಪ್ಪು ಮಚ್ಚೆ, ಏನಾಯಿತು ಅಂತ ನಾವೇ ಊಹಿಸಬೇಕು. ಬ್ಲೂ-ರೇ ಬಂದಾಗ ಇಂಥ ಹಬೆ, ಮಚ್ಚೆ ಸಾಮಾನ್ಯವಾಗಿ ಹೋಗಿರುತ್ತವೆ. ದುಡ್ಡು ಕೊಟ್ಟು ನೋಡುವ ಎಟಿ-ಎಕ್ಸ್ ಚಾನೆಲ್‌ನಲ್ಲೂ ಕಮ್ಮಿ. ಮುಚ್ಚುವುದು ಮರ್ಯಾದೆಗೂ ಹೌದು, ಡಿಸ್ಕ್ ಮಾರುವುದಕ್ಕೂ ಹೌದು ಅಂತ ನನ್ನ ಗುಮಾನಿ.

ಕೆಲವು ಸಲ ಸುದ್ದಿಯೂ ಕತ್ತರಿ ಹಾಕುತ್ತದೆ. 2007ರ ಸೆಪ್ಟೆಂಬರ್ 18ರಂದು ಕ್ಯೋಟೋ ಬಳಿ 16 ವರ್ಷದ ಹುಡುಗಿಯೊಬ್ಬಳು ಅಪ್ಪನನ್ನು ಕೊಡಲಿಯಿಂದ ಕೊಂದಳು. ಸ್ಕೂಲ್ ಡೇಸ್ ಅನ್ನುವ ಅನಿಮೆಯ, ರಕ್ತಪಾತವೇ ಇದ್ದ ಕೊನೆಯ ಕಂತು ಅದೇ ರಾತ್ರಿ ಬರಬೇಕಿತ್ತು. ಟಿವಿ ಕನಗಾವಾ ಅನ್ನುವ ಚಾನೆಲ್ ಅದನ್ನು ನಿಲ್ಲಿಸಿ ಅರ್ಧ ಗಂಟೆ ನಿಸರ್ಗದ ದೃಶ್ಯ ತೋರಿಸಿತು. ಅದರಲ್ಲೊಂದು ಹಡಗು. 'ನೈಸ್ ಬೋಟ್' ಅನ್ನುವ ಜೋಕ್ ಹುಟ್ಟಿದ್ದು ಅಲ್ಲಿಂದ.

ಎಲ್ಲ ಕತ್ತರಿಯೂ ಬೇಡದ್ದೇ ಅಂತ ಮಾತ್ರ ಹೇಳಲಾರೆ. 1997ರ ಡಿಸೆಂಬರ್ 16ರ ಸಂಜೆ ಪೋಕೆಮಾನ್‌ನ ಒಂದು ಕಂತಿನಲ್ಲಿ ಪಿಕಾಚು ಮಿಂಚು ಬಿಟ್ಟು ಕ್ಷಿಪಣಿಗಳನ್ನು ಸಿಡಿಸಿತು. ಕೆಂಪು ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡು ಸಲದಷ್ಟು ವೇಗದಲ್ಲಿ ಮಿನುಗಿತು. ನೋಡುತ್ತಿದ್ದ ಮಕ್ಕಳಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್. ಸುಮಾರು 685 ಜನರನ್ನು ಆಸ್ಪತ್ರೆಗೆ ಸಾಗಿಸಿದರು. ಸರಣಿ ನಾಲ್ಕು ತಿಂಗಳು ನಿಂತಿತು. ಮರುವರ್ಷ ಬೆಳಕಿನ ಮಿನುಗಿಗೆ ಮಿತಿ ಹಾಕುವ ನಿಯಮ ಬಂತು. ಜಪಾನ್ ಟಿವಿಯ ಅನಿಮೆಯಲ್ಲಿ ಹೊಡೆದಾಟದ ನಡುವೆ ಚಿತ್ರ ಒಮ್ಮೆಲೇ ಮಂಕಾಗುವುದು ಅದಕ್ಕೇ. ನಿಮ್ಮ ಟಿವಿ ಕೆಟ್ಟಿಲ್ಲ. ಪಾಪ, ಮಿಂಚು ಬಿಟ್ಟದ್ದು ಪಿಕಾಚು, ಆದರೆ ಟಿವಿಯಿಂದ ಗಡಿಪಾರಾದದ್ದು ಆ ಕಂತಿನಲ್ಲಿದ್ದ ಇನ್ನೊಂದು ಪೋಕೆಮಾನ್, ಪೋರಿಗಾನ್!

ಸರ್ಕಾರ ನೇರವಾಗಿ ಕೈ ಹಾಕಿದ್ದು ನೋಡಬೇಕೆಂದರೆ ನಮ್ಮ ದೇಶಕ್ಕೇ ಬನ್ನಿ. 2008ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹಂಗಾಮಾ ಚಾನೆಲ್‌ನಲ್ಲಿ ಬರುತ್ತಿದ್ದ ಶಿನ್‌ಚಾನ್‌ಗೆ ತಡೆ ಹಾಕಿತು. ಅದನ್ನು ನೋಡಿ ಮಕ್ಕಳು ಎದುರುತ್ತರ ಕಲಿಯುತ್ತಿದ್ದಾರೆ ಅನ್ನುವುದು ತಂದೆತಾಯಿಯರ ಗೋಳಾಗಿತ್ತು. ಮರುವರ್ಷ ಅದು ಸಾಕಷ್ಟು ಕತ್ತರಿ ಹಾಕಿಸಿಕೊಂಡು ವಾಪಸ್ ಬಂತು. ನಮ್ಮಮ್ಮನಿಗೆ ತಡೆ ಹಾಕಿದ್ದು ಗೊತ್ತಾಗಿ ಬಹಳ ಖುಷಿಯಾಗಿತ್ತು. ವಾಪಸ್ ಬಂದದ್ದನ್ನು ನಾನು ಹೇಳಲು ಹೋಗಲಿಲ್ಲ.

ನೀವು ಒನ್ ಪೀಸ್ ಶುರು ಮಾಡುವುದಾದರೆ ಜಪಾನಿ ಧ್ವನಿಯದ್ದು ನೋಡಿ, ಇಲ್ಲಾ 2007ರಿಂದ ಫ್ಯೂನಿಮೇಷನ್ ಮತ್ತೆ ಮಾಡಿದ ಇಂಗ್ಲಿಷ್ ಡಬ್ ನೋಡಿ. ಅದರಲ್ಲಿ ಸಂಜಿಗೆ ಸಿಗರೇಟು ವಾಪಸ್ ಸಿಕ್ಕಿದೆ. ಅದರ ನಾಲ್ಕು ಕಂತು ನೋಡಿದ ಮೇಲೆ ಲಾಲಿಪಾಪ್ ಆವೃತ್ತಿಯನ್ನು ಗೆಳೆಯರ ಜೊತೆ ಕೂತು, ಪಕ್ಕದಲ್ಲಿ ಮಂಡಕ್ಕಿ ಇಟ್ಟುಕೊಂಡು ನೋಡಿ. ಆ ಸುತ್ತಿಗೆ ದೃಶ್ಯ ಬಂದಾಗ ವಿಡಿಯೋ ನಿಲ್ಲಿಸಿ ನೋಡುವುದು ಮರೆಯಬೇಡಿ.