ಅಕ್ಷರದ ಸುತ್ತ ಕೊಳೆ ಹತ್ತುವುದೇಕೆ? ಯಾವುದಕ್ಕೆ ಜೆಪೆಗ್, ಯಾವುದಕ್ಕೆ ಪಿಎನ್‌ಜಿ?

ರಾಜ್ಯೋತ್ಸವದ ಪೋಸ್ಟರನ್ನು ಜೆಪೆಗ್‌ನಲ್ಲಿ ಉಳಿಸಿದರೆ ಅಕ್ಷರಗಳ ಸುತ್ತ ಕೊಳೆ ಹತ್ತಿದಂತೆ ಕಾಣುತ್ತದೆ, ಯಾವುದಕ್ಕೆ ಯಾವ ಫಾರ್ಮ್ಯಾಟ್ ಬಳಸಬೇಕು ಎಂದು ಕೇಳಿದ್ದೀರಿ. ಹಳದಿಯ ಮೇಲೆ ಕೆಂಪು ಅಕ್ಷರ ತಾನೇ? ನಾನು ಲಗ್ನಪತ್ರಿಕೆ, ಬ್ಯಾನರ್‌ಗಳ ವಿನ್ಯಾಸ ಮಾಡುವವನು. ನವೆಂಬರ್ ಬಂತೆಂದರೆ ಈ ದೂರು ತಪ್ಪಿದ್ದಲ್ಲ.

ತಪ್ಪು ನಿಮ್ಮದಲ್ಲ, ಜೆಪೆಗ್‌ನ ಹುಟ್ಟುಗುಣ. 1992ರ ಈ ಮಾನದಂಡ ಫೋಟೋಗಳಿಗೆಂದೇ ರೂಪುಗೊಂಡದ್ದು. ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಕೈಬಿಡುತ್ತದೆ. ಮುಖ, ಮೋಡ, ಮರಗಳಲ್ಲಿ ಈ ಕಳ್ಳತನ ಗೊತ್ತಾಗುವುದಿಲ್ಲ; ಅಕ್ಷರದ ಚೂಪು ಅಂಚಿನಲ್ಲಿ ಸಿಕ್ಕಿಬೀಳುತ್ತದೆ. ಸಾಲದೆಂಬಂತೆ, ಬಹಳಷ್ಟು ತಂತ್ರಾಂಶಗಳು ಹೊಳಪನ್ನು ಪೂರ್ತಿ ಉಳಿಸಿ ಬಣ್ಣದ ಮಾಹಿತಿಯನ್ನು ತೆಳುವಾಗಿಸುತ್ತವೆ. ಕೆಂಪು ಹಳದಿಯೊಳಗೆ ಸೋರುವುದು ಇದರಿಂದಲೇ. ನಿಮ್ಮ ಪೋಸ್ಟರಿನ ‘ರಾಜ್ಯೋತ್ಸವ’ ಪದವನ್ನೇ ನಾಲ್ಕು ಪಟ್ಟು ಹಿಗ್ಗಿಸಿ ನೋಡಿ: ಜ್ಯೋ ಕೆಳಗಿನ ಯಒತ್ತಿನ ಬಳಿ ಹಳದಿಯಿರಬೇಕಾದ ಕಡೆ ಕಂದು ಮಸಿ ತುಂಬಿರುತ್ತದೆ.

ಹಾಗಾಗಿ ಪೋಸ್ಟರ್, ಸ್ಕ್ರೀನ್‌ಶಾಟ್, ಹಿನ್ನೆಲೆಯಿಲ್ಲದ ಲೋಗೋ ಇವೆಲ್ಲ ಪಿಎನ್‌ಜಿಯಲ್ಲಿರಲಿ. ಅದು ಒಂದು ಪಿಕ್ಸೆಲನ್ನೂ ಕಳೆಯುವುದಿಲ್ಲ. (ಜಿಫ್ ಎಂಬ ಹಳೆಯ ಚಿತ್ರ ಫಾರ್ಮ್ಯಾಟ್ ಬಳಸುತ್ತಿದ್ದ, ಕಡತ ಕುಗ್ಗಿಸುವ ವಿಧಾನದ ಪೇಟೆಂಟ್ ರಗಳೆಯಿಂದ ಹುಟ್ಟಿದ ಕೂಸು ಅದು; ಜಗಳದಿಂದಲೂ ಒಮ್ಮೊಮ್ಮೆ ಒಳ್ಳೆಯದಾಗುತ್ತದೆ.) ಆದರೆ ಕ್ಯಾಮೆರಾದ ಫೋಟೋವನ್ನು ಪಿಎನ್‌ಜಿ ಮಾಡಬೇಡಿ, ಕಡತ ಸುಮ್ಮನೆ ಊದಿಕೊಳ್ಳುತ್ತದೆ. ಜಾಲತಾಣಕ್ಕಾದರೆ ಗೂಗಲ್‌ನ ವೆಬ್‌ಪಿ ಫಾರ್ಮ್ಯಾಟ್ ಹಗುರ. ಐಫೋನ್ ಫೋಟೋ ಉಳಿಸುವ ಎಚ್‌ಇಐಸಿ ಕಡತವನ್ನು ಬೇರೆಯವರಿಗೆ ಕೊಡುವ ಮುನ್ನ ಜೆಪೆಗ್‌ಗೆ ಬದಲಿಸಿ, ಎಚ್‌ಇಐಸಿ ಎಲ್ಲ ಕಂಪ್ಯೂಟರ್‌ಗಳಲ್ಲಿ ತೆರೆಯುವುದಿಲ್ಲ.

ಎರಡು ಎಚ್ಚರಿಕೆ. ಜೆಪೆಗ್ ಅನ್ನು ತೆರೆದು ತಿದ್ದಿ ಉಳಿಸಿದಷ್ಟು ಸಲ ಅದು ಮತ್ತಷ್ಟು ಕಳೆದುಕೊಳ್ಳುತ್ತದೆ. ಮೂಲ ಕಡತವನ್ನು ಬೇರೆ ಇಟ್ಟುಕೊಳ್ಳಿ. ಇನ್ನೊಂದು, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ನಿಮ್ಮ ಚೊಕ್ಕ ಪಿಎನ್‌ಜಿಯನ್ನೂ ಅದು ಹಿಂಡಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಹತ್ತಡಿ ಬ್ಯಾನರ್‌ಗೆ ಮಾತ್ರ ಇವು ಯಾವುವೂ ಬೇಡ. ಎಸ್‌ವಿಜಿ ಅಥವಾ ಪಿಡಿಎಫ್‌ನಲ್ಲಿ ಅಕ್ಷರ ರೇಖೆಗಳಾಗಿಯೇ ಉಳಿಯುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಮುದ್ರಣಾಲಯಕ್ಕೆ ಕೊಡುವ ಮುನ್ನ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಬರಿಯ ಆಕಾರಗಳಿಗೆ, ಬದಲಿಸಿ. ಒಮ್ಮೆ ಮರೆತಿದ್ದೆ, ಅವರಲ್ಲಿ ನನ್ನ ಫಾಂಟ್ ಇರಲಿಲ್ಲ, ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ಸಾಲಾಗಿ ನಿಂತಿದ್ದವು.